ಅಮ್ಮ ಡಾಕ್ಟರಿಗಿಂತ ಉಪಕೇಂದ್ರದ ಸಿಸ್ಟರನ್ನೇ ನಂಬುತ್ತಾರೆ, ಏನು ಮಾಡಲಿ?

ಪ್ರಶ್ನೆ ಕೇಳಿದವರು: ಮಾವಿನತೋಪಿನ ಮಗ

ಸ್ವಲ್ಪ ಉದ್ದದ ಕಥೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 63 ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವರಿಗೆ ಎರಡೂವರೆ ಎಕರೆ ಮಾವಿನ ತೋಪು, ಎರಡು ಸೀಮೆಹಸು ಮತ್ತು ಯಾರ ಮಾತಿಗೂ ಬಗ್ಗದ ಹಟ ಇದೆ. ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು, ಬಿಪಿ ಅದಕ್ಕಿಂತ ಹಳೆಯದು. ನಾನಿರುವುದು ಬೆಂಗಳೂರಿನ ಕೆ.ಆರ್.ಪುರದಲ್ಲಿ. ಮೂರು ತಿಂಗಳಿಗೊಮ್ಮೆ ಅವರನ್ನು ಕರೆತಂದು ಇಲ್ಲಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತೇನೆ. ಎರಡು ಗಂಟೆ ಕಾಯುತ್ತೇವೆ, ಆರು ನಿಮಿಷ ಡಾಕ್ಟರನ್ನು ನೋಡುತ್ತೇವೆ. ಡಾಕ್ಟರು ಒಳ್ಳೆಯವರೇ. ಆದರೆ ಹೊರಗೆ ಇನ್ನೂ ನಲವತ್ತು ಜನ ಕೂತಿರುತ್ತಾರೆ.

ಕಳೆದ ವರ್ಷ ಯುಗಾದಿಯ ಹೊತ್ತಿಗೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಎಚ್‌ಬಿಎ1ಸಿ 9.6 ಬಂತು. ಮಾತ್ರೆ ಸಾಲದು ಎಂದು ಬೆಳಿಗ್ಗೆ 14, ರಾತ್ರಿ 10 ಯೂನಿಟ್ ಮಿಶ್ರ ಇನ್ಸುಲಿನ್ ಬರೆದರು. ಚುಚ್ಚಿಕೊಳ್ಳುವುದನ್ನು ಅಲ್ಲೇ ಒಬ್ಬರು ಒಂದು ಸಲ ತೋರಿಸಿಕೊಟ್ಟರು. ಅಮ್ಮ ಒಂದೇ ಸಲಕ್ಕೆ ಕಲಿತುಬಿಟ್ಟರು ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಆದರೂ ಸಕ್ಕರೆ ಇಳಿಯಲಿಲ್ಲ. ಬೆಳಗಿನ ಡೋಸ್ 14 ಇದ್ದದ್ದು 16 ಆಯಿತು, ಆಮೇಲೆ 20 ಆಯಿತು. ಒಂದು ದಿನ 280 ತೋರಿಸಿದರೆ ಮರುದಿನ ತಲೆ ಸುತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದವರು ಕುಸಿದು ಕೂತರಂತೆ. ಮೈಯೆಲ್ಲ ಬೆವರು, ಕೈ ನಡುಕ. ಬಿಪಿ ಇಳಿದಿರಬೇಕು ಎಂದು ಒಬ್ಬರು ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. ಇನ್ನೊಬ್ಬರು ದೃಷ್ಟಿ ತೆಗೆದರು. ನಾನು ಬೆಂಗಳೂರಿನಿಂದ ಫೋನಿನಲ್ಲಿ "ಎರಡು ದಿನ ಬಿಪಿ ಮಾತ್ರೆ ಬಿಟ್ಟು ನೋಡಿ" ಎಂದೆ. ದೃಷ್ಟಿ ತೆಗೆದವರು ಕೊಟ್ಟ ತೊಂದರೆ ನನ್ನದಕ್ಕಿಂತ ಕಡಿಮೆ.

ಹೋದ ತಿಂಗಳು ನಾನು ಊರಿನಲ್ಲಿದ್ದಾಗ, ಸರ್ಕಾರದ ಗೃಹ ಆರೋಗ್ಯ ಯೋಜನೆಯ ತಪಾಸಣೆಗೆಂದು ಆರೋಗ್ಯ ಉಪಕೇಂದ್ರದ ಸಿಸ್ಟರ್ ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಬಂದರು. ಊರಿನವರ ಬಾಯಲ್ಲಿ ಅವರು ಸಿಸ್ಟರ್. ಹುದ್ದೆಯ ಹೆಸರು ಸಮುದಾಯ ಆರೋಗ್ಯ ಅಧಿಕಾರಿ, ಓದಿದ್ದು ಬಿ.ಎಸ್ಸಿ. ನರ್ಸಿಂಗ್. ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುತ್ತಾರೆ, ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ನೀರು ಕುಡಿದು, "ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?" ಎಂದು ಕೇಳಿದರು.

ಐದಕ್ಕೆ. ಸಗಣಿ ಬಾಚಿ, ಹಾಲು ಕರೆದು, ಆರಕ್ಕೆ ಇನ್ಸುಲಿನ್. "ಬೆಳಿಗ್ಗೆ" ಎಂದು ಚೀಟಿಯಲ್ಲಿ ಬರೆದಿದೆಯಲ್ಲ, ಹಾಗಾಗಿ ಆರಕ್ಕೆ. ಆಮೇಲೆ ಡೇರಿ, ವಾಪಸ್ ಬಂದು ಹಸುಗಳಿಗೆ ಮೇವು, ಆಮೇಲೆ ಒಲೆ. ಮುದ್ದೆ ತಟ್ಟೆಗೆ ಬೀಳುವಾಗ ಒಂಬತ್ತೂವರೆ. ಸಿಸ್ಟರ್ ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆರು ಮತ್ತು ಒಂಬತ್ತೂವರೆ ಎಂಬ ಎರಡು ಅಂಕಿಗಳಿಗೆ ಸುತ್ತು ಹಾಕಿ, ಏನೂ ಹೇಳದೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸಕ್ಕರೆ ಇಳಿಸುವ ಇನ್ಸುಲಿನ್ ಆರಕ್ಕೆ, ಊಟ ಮೂರೂವರೆ ಗಂಟೆ ತಡ. ಇಷ್ಟು ದಿನ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಹೊಟ್ಟೆ ಮುಟ್ಟಿ ನೋಡಿದ್ದಾರೆ. ಹೊಕ್ಕುಳಿನ ಬಲಕ್ಕೆ ಅರ್ಧ ನಿಂಬೆಹಣ್ಣನ್ನು ಚರ್ಮದ ಕೆಳಗೆ ಇಟ್ಟ ಹಾಗೆ ಗಂಟು. ವರ್ಷದಿಂದ ಅಮ್ಮ ಅಲ್ಲಿಗೇ ಚುಚ್ಚಿಕೊಂಡಿದ್ದಾರೆ. ಕೇಳಿದರೆ, "ಅಲ್ಲಿ ನೋಯುವುದಿಲ್ಲ, ಅದಕ್ಕೇ" ಎಂದರಂತೆ. ಸಿಸ್ಟರ್ ಅಲ್ಲಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದರು. ಗಂಟಿಗೆ ಚುಚ್ಚುವುದನ್ನು ನಿಲ್ಲಿಸುವುದು, ಬೆಳಗಿನ ಡೋಸ್ ಸದ್ಯಕ್ಕೆ 16, ಡೇರಿಯಿಂದ ಬಂದ ಮೇಲೆ ಚುಚ್ಚಿಕೊಂಡು ಅರ್ಧ ಗಂಟೆಯೊಳಗೆ ಊಟ ಎಂದು ತೀರ್ಮಾನವಾಯಿತು. ಆಮೇಲೆ ಒಮ್ಮೆಯೂ ತಲೆ ಸುತ್ತಿಲ್ಲ.

ಈಗ ಪೀಕಲಾಟ ಇರುವುದು ನನಗೆ. ಅಮ್ಮ ಇನ್ನು ಬೆಂಗಳೂರಿಗೆ ಬರುವುದಿಲ್ಲ ಎನ್ನುತ್ತಿದ್ದಾರೆ. "ಅಲ್ಲಿ ಒಬ್ಬರಾದರೂ ನನ್ನ ಹೊಟ್ಟೆ ಮುಟ್ಟಿ ನೋಡಿದರಾ?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಭಾವ ಮಾತ್ರ, "ನರ್ಸ್ ಮಾತು ಕೇಳಿ ಇನ್ಸುಲಿನ್ ಕಡಿಮೆ ಮಾಡಿದಿರಾ? ನಾಳೆ ಏನಾದರೂ ಆದರೆ?" ಎಂದು ಹಾರಾಡುತ್ತಿದ್ದಾರೆ. ಇಂಥ ದೀರ್ಘಕಾಲದ ಕಾಯಿಲೆಗಳಲ್ಲಿ ನರ್ಸುಗಳಿಗೆ ಎಷ್ಟು ಬಿಡಬಹುದು, ಎಲ್ಲಿಂದ ಮುಂದೆ ಡಾಕ್ಟರೇ ಬೇಕು? ಅನುಭವ ಇದ್ದವರು ಹೇಳಿ.

ಉತ್ತರ: ಬಂಗಾರಪೇಟೆ ಪ್ಯಾಸೆಂಜರ್

ನಿಮ್ಮ ಭಾವನ ಮಾತಿನಲ್ಲಿ ಅರ್ಥವಿದೆ. ಬಿಳಿ ಬಟ್ಟೆ ಹಾಕಿದವರೆಲ್ಲ ಸಿಸ್ಟರ್ ಅಲ್ಲ.

ನನ್ನ ತಂದೆಗೆ ಬಿಪಿ. ನಮ್ಮ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಬ್ಬ ಹುಡುಗಿ ಬಿಪಿ ನೋಡಿ, "120 ಇದೆ, ಈಗ ನಾರ್ಮಲ್, ಮಾತ್ರೆ ಬೇಡ ತಾತ" ಎಂದಳು. ಮಾತ್ರೆ ತಿನ್ನುತ್ತಿರುವುದರಿಂದಲೇ 120 ಇದೆ ಎಂಬುದು ಅವಳಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಇವರು ಸಂತೋಷವಾಗಿ ನಿಲ್ಲಿಸಿದರು. ಎರಡು ತಿಂಗಳಿಗೆ ಬಲಗೈ ಎತ್ತಲಾಗಲಿಲ್ಲ, ಬಾಯಿ ಸೊಟ್ಟಗಾಯಿತು. ಆಮೇಲೆ ವಿಚಾರಿಸಿದರೆ ಆ ಹುಡುಗಿ ಪಿಯುಸಿ ಮುಗಿಸಿ ಅಲ್ಲೇ ಕೆಲಸ ಕಲಿತವಳು. ನರ್ಸಿಂಗ್ ಓದಿಯೇ ಇಲ್ಲ.

ಎಎನ್‌ಎಂ ಎಂದರೆ ಎರಡು ವರ್ಷದ ನರ್ಸಿಂಗ್ ಓದು, ಜಿಎನ್‌ಎಂ ಮೂರು, ಬಿ.ಎಸ್ಸಿ. ನಾಲ್ಕು. ಅದಾದ ಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಇದನ್ನು ಕೇಳುವುದಕ್ಕೆ ನಾಚಿಕೆಪಡಬೇಡಿ. ನಾವು ನಾಚಿಕೆಪಟ್ಟೆವು. ಈಗ ತಂದೆ ಎಡಗೈಯಲ್ಲಿ ಊಟ ಮಾಡುತ್ತಾರೆ.

ಉತ್ತರ: ನಿವೃತ್ತ ಸಿಸ್ಟರ್, ಕೋಲಾರ

ಬಂಗಾರಪೇಟೆಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಹುಡುಗಿಯನ್ನು ಮಾತ್ರ ಬೈಯಬೇಡಿ, ಅವಳಿಗೆ ಆ ಬಟ್ಟೆ ತೊಡಿಸಿದವರನ್ನು ಬೈಯಿರಿ.

ಇನ್ನು ಪ್ರಶ್ನೆ ಕೇಳಿದವರಿಗೆ. ನಾನು 34 ವರ್ಷ ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ಮುಳಬಾಗಿಲು, ಕೆಜಿಎಫ್, ಕೊನೆಗೆ ಕೋಲಾರ. ನಿಮ್ಮ ಊರಿನ ಆ ಹುಡುಗಿ ಮಾಡಿದ್ದರಲ್ಲಿ ನಾನು ನೂರಕ್ಕೆ ನೂರು ಅಂಕ ಕೊಡುವುದು ಯಾವುದಕ್ಕೆ ಗೊತ್ತೇ? ಗಂಟು ಹುಡುಕಿದ್ದಕ್ಕಲ್ಲ, ಡೋಸ್ ಇಳಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ. ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಕೊಬ್ಬು ಗಟ್ಟಿಯಾಗಿ ಗಂಟಾಗುತ್ತದೆ. ಅದರೊಳಗೆ ಹೋದ ಇನ್ಸುಲಿನ್ ಒಂದು ದಿನ ಅಲ್ಲೇ ಕೂರುತ್ತದೆ, ಇನ್ನೊಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಇಳಿಯಲಿಲ್ಲ ಎಂದು ಡೋಸ್ ಏರಿಸುತ್ತಾ ಹೋಗಿರುತ್ತಾರೆ. ಅಂಥವರನ್ನು ಏಕಾಏಕಿ ಒಳ್ಳೆಯ ಚರ್ಮಕ್ಕೆ ದಾಟಿಸಿ ಅದೇ 20 ಯೂನಿಟ್ ಕೊಟ್ಟರೆ ಅಷ್ಟೂ ಒಟ್ಟಿಗೆ ಕೆಲಸ ಮಾಡಿ ಮನುಷ್ಯ ಮಲಗಿಬಿಡುತ್ತಾನೆ. ಇದು ಅವಳಿಗೆ ಗೊತ್ತಿತ್ತು. ಡೋಸ್ ತೀರ್ಮಾನಿಸುವುದು ತನ್ನ ಕೆಲಸವಲ್ಲ ಎಂಬುದೂ ಗೊತ್ತಿತ್ತು. ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ.

ನಮ್ಮ ಕೆಲಸ ಏನು ಎಂದು ಕೇಳಿದ್ದೀರಿ. ಡಾಕ್ಟರು ವರ್ಷಕ್ಕೆ ನಾಲ್ಕು ಸಲ ನಿಮ್ಮ ಅಮ್ಮನನ್ನು ನೋಡುತ್ತಾರೆ. ಉಳಿದ 361 ದಿನ ಅವರು ಒಲೆ, ಕೊಟ್ಟಿಗೆ, ಮದುವೆ, ತಿಥಿ, ಜಾತ್ರೆಗಳ ನಡುವೆ ಇರುತ್ತಾರೆ. ಚೀಟಿ ಅಲ್ಲಿ ಏನಾಗುತ್ತದೆ ಎಂಬುದನ್ನು ಯಾರಾದರೂ ನೋಡಬೇಕಲ್ಲ. ಎರಡು ಮೂರು ಘಟನೆ ಹೇಳುತ್ತೇನೆ, ಸಾಕು.

ಮುಳಬಾಗಿಲಿನಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಒಬ್ಬರನ್ನು ಮಂಚದ ಸಮೇತ ಹೊತ್ತು ತಂದರು. ಪ್ರಜ್ಞೆ ಇಲ್ಲ, ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಸಕ್ಕರೆ 31. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟು, ನಾನು ಯಾರೆಂದು ಕೇಳಿದರು. ಅವರ ಮಗ ಅಳುತ್ತಾ, "ಎಂದಿನಂತೆ 20 ಗೀಟಿನವರೆಗೇ ಎಳೆದೆ ಸಿಸ್ಟರ್" ಎನ್ನುತ್ತಾನೆ. "ಬಾಟಲಿ ತೆಗೆದುಕೊಂಡು ಬಾ" ಎಂದೆ. ತಂದದ್ದು ಬಾಟಲಿಯಲ್ಲ, ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್. ಅಂಗಡಿಯಲ್ಲಿ ಬಾಟಲಿ ಮುಗಿದಿತ್ತಂತೆ, "ಇದೂ ಅದೇ" ಎಂದು ಕೊಟ್ಟಿದ್ದಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಕಾರ್ಟ್ರಿಜ್‌ನಿಂದ 20 ಗೀಟು ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಆ ಹುಡುಗ ಪದವೀಧರ, ಲೆಕ್ಕದಲ್ಲಿ ನನಗಿಂತ ಗಟ್ಟಿ. ಆದರೆ ಈ ಲೆಕ್ಕವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಇನ್ಸುಲಿನ್ ಶುರುವಾದವರೆಲ್ಲರಿಗೂ "ಮನೆಯಲ್ಲಿರುವ ಸಿರಿಂಜ್ ತಂದು ತೋರಿಸಿ" ಎಂದು ಹೇಳುವುದನ್ನು ನಾನು ಬಿಡಲಿಲ್ಲ.

ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ. ಎಚ್ಚರವಿದ್ದು ನಡುಗುತ್ತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಉಪ್ಪಿನ ಮಜ್ಜಿಗೆಯಿಂದ ಏನೂ ಆಗದು.

ಇನ್ನೊಬ್ಬರು ಟೊಮೆಟೊ ಬೆಳೆಗಾರರು. ಬಂದದ್ದು ಬಿಪಿ ಮಾತ್ರೆಗೆ. ಸಕ್ಕರೆ ಇರುವವರು ಯಾವುದಕ್ಕೆ ಬಂದರೂ ನಾನು ಚಪ್ಪಲಿ ಬಿಚ್ಚಿಸುತ್ತಿದ್ದೆ. ಬಹಳ ಜನ ಮುಜುಗರಪಡುತ್ತಿದ್ದರು, "ಕೆಸರು ಸಿಸ್ಟರ್" ಎನ್ನುತ್ತಿದ್ದರು. ಇವರ ಎಡಗಾಲಿನ ಚಪ್ಪಲಿ ಬಿಚ್ಚಲು ಹೋದರೆ ಬರಲಿಲ್ಲ. ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಪಾದದೊಳಗೆ ಇಳಿದು ಎರಡನ್ನೂ ಹೊಲಿದು ಹಾಕಿತ್ತು. ಆ ಮನುಷ್ಯ ಮೂರು ದಿನದಿಂದ ಅದೇ ಕಾಲಿನಲ್ಲಿ ಮಂಡಿಗೆ ಓಡಾಡಿದ್ದಾರೆ, ಹಗಲು ರಾತ್ರಿ ಹಾಕಿಕೊಂಡೇ ಇದ್ದಾರೆ, ಮುಳ್ಳಿನ ಅರಿವೇ ಇಲ್ಲ. ನರಗಳು ಅಷ್ಟು ಸತ್ತಿದ್ದವು. ಆ ದಿನ ಮಾತ್ರೆ ಕೊಟ್ಟು ಕಳಿಸಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ. ನಿಮ್ಮ ಅಮ್ಮನ ಪಾದಗಳನ್ನು ರಾತ್ರಿ ಯಾರು ನೋಡುತ್ತಾರೆ? ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರಿಗೆ ಆ ಕೆಲಸ ವಹಿಸಿ, ಬೆರಳುಗಳ ಸಂದಿಯನ್ನೂ ಬಿಡದೆ ನೋಡಲು ಹೇಳಿ. ಕೊಟ್ಟಿಗೆಗೂ ಬರಿಗಾಲಿನಲ್ಲಿ ಹೋಗುವುದು ಬೇಡ.

ಕೆಜಿಎಫ್‌ನಲ್ಲಿ ಬೇರೆಯದೇ ಲೋಕ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಕಲ್ಲಿನ ಧೂಳು ಕುಡಿದ ಎದೆಗಳು ಎಷ್ಟೋ ವರ್ಷ ಆಸ್ಪತ್ರೆಗೆ ಬರುತ್ತಲೇ ಇದ್ದವು. ಉಸಿರು ಸಿಗದವರಿಗೆ ಇನ್‌ಹೇಲರ್ ಬರೆದಿರುತ್ತಿದ್ದರು. "ಪ್ರಯೋಜನವೇ ಇಲ್ಲ" ಎಂದು ದೂರು. ನನ್ನ ಮುಂದೆ ಎಳೆಯಿರಿ ಎಂದರೆ, ಗಾಳಿ ಒತ್ತಿ ಆಮೇಲೆ ಉಸಿರೆಳೆಯುವವರು, ನಾಲಿಗೆಯನ್ನೇ ಅಡ್ಡ ಇಡುವವರು. ಔಷಧವೆಲ್ಲ ನಾಲಿಗೆಯ ಮೇಲೆ. ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಕೊಟ್ಟು, ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯಲು ಕಲಿಸಿದರೆ ಅದೇ ಔಷಧ ಕೆಲಸ ಮಾಡುತ್ತಿತ್ತು. ಕಲಿಸಲು ಒಬ್ಬೊಬ್ಬರಿಗೆ ಹತ್ತು ನಿಮಿಷ ಬೇಕು. ವಾರ್ಡಿನಲ್ಲಿ ನಮಗೂ ಆ ಹತ್ತು ನಿಮಿಷ ಎಲ್ಲ ದಿನ ಸಿಗುತ್ತಿರಲಿಲ್ಲ ಎಂಬುದೂ ನಿಜ.

ಮುದ್ದೆ ವಿಷಯ ಹೇಳದೆ ಹೋದರೆ ಕೋಲಾರದವಳಾಗಿ ಇದ್ದೂ ಪ್ರಯೋಜನವಿಲ್ಲ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ನಮ್ಮ ಜನ ನಂಬಿ ಕೂತಿದ್ದಾರೆ. ರಾಗಿಯ ತೂಕದ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅಕ್ಕಿಗಿಂತ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ಒಪ್ಪುತ್ತೇನೆ. ಆದರೆ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ "ಅನ್ನ ಮುಟ್ಟಲಿಲ್ಲ ಸಿಸ್ಟರ್" ಎಂದರೆ? ನಾನು ಯಾರಿಗೂ ಮುದ್ದೆ ಬಿಡಿ ಎಂದಿಲ್ಲ, ಎಂದಿದ್ದರೂ ಬಿಡುತ್ತಿರಲಿಲ್ಲ. ಒಂದೇ ಮುದ್ದೆ, ಅದೂ ಅವರ ಮುಷ್ಟಿಯ ಅಳತೆ, ಜೊತೆಗೆ ಸೊಪ್ಪು ಮತ್ತು ಕಾಳು ಎರಡು ಪಾಲು. ಉಪ್ಪುಸಾರಿಗೆ ಉಪ್ಪು ಯಾವ ಚಮಚದಲ್ಲಿ ಹಾಕುತ್ತಾರೆ ಎಂದು ಅಡುಗೆಮನೆಗೆ ಹೋಗಿ ನೋಡಿ. ಬಿಪಿ ಮಾತ್ರೆಯ ಮೇಲೆ ಮಾತ್ರೆ ಏರುವುದಕ್ಕೆ ಅರ್ಧ ಕಾರಣ ಅಲ್ಲಿರುತ್ತದೆ, ಇನ್ನರ್ಧ ಉಪ್ಪಿನಕಾಯಿ ಜಾಡಿಯಲ್ಲಿ.

ಬೆಂಗಳೂರಿನ ಡಾಕ್ಟರನ್ನು ಬಿಡಬೇಡಿ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಲೇಬೇಕು. ಔಷಧ ಬದಲಿಸುವುದು ಡಾಕ್ಟರ ಕೆಲಸ. ಆದರೆ ಹೋಗುವಾಗ ಸಿಸ್ಟರ್ ಬರೆದ ಆ ನೋಟ್‌ಬುಕ್ ಕೈಯಲ್ಲಿರಲಿ. ಫೈಲನ್ನು ಮನೆಯಲ್ಲಿ ಬಿಟ್ಟರೂ ಚಿಂತೆಯಿಲ್ಲ.

ಉತ್ತರ: ಹಿತಕಿದಬೇಳೆ

ಸಿಸ್ಟರ್, ನಡುವೆ ಒಂದು ಪ್ರಶ್ನೆ. ನಮ್ಮ ಅತ್ತೆಗೆ ಇನ್ಸುಲಿನ್ ಬರೆದಿದ್ದಾರೆ. ಅವರ ತಂಗಿಗೆ ಇನ್ಸುಲಿನ್ ಶುರುವಾದ ಆರು ತಿಂಗಳಿಗೆ ಕಣ್ಣು ಹೋಯಿತಂತೆ, ಅದಕ್ಕೆ ಸುತರಾಂ ಬೇಡ ಎನ್ನುತ್ತಿದ್ದಾರೆ. ಮನೆಯಲ್ಲಿ ಫ್ರಿಜ್ ಕೂಡ ಇಲ್ಲ.

ಉತ್ತರ: ನಿವೃತ್ತ ಸಿಸ್ಟರ್, ಕೋಲಾರ

ಆ ತಂಗಿಯ ಕಣ್ಣು ಕೆಡಲು ಶುರುವಾಗಿದ್ದು ಇನ್ಸುಲಿನ್‌ಗಿಂತ ಎಷ್ಟೋ ವರ್ಷ ಮೊದಲು, ಹತೋಟಿ ತಪ್ಪಿದ ಸಕ್ಕರೆಯಿಂದ. ನಮ್ಮ ಜನ ಇನ್ಸುಲಿನ್‌ಗೆ ಒಪ್ಪುವುದೇ ಕಟ್ಟಕಡೆಗೆ, ಆಗ ನಡೆದ ಅನಾಹುತವೆಲ್ಲ ಅದರ ತಲೆಗೆ. ಶುರು ಮಾಡುವ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿಬಿಡಿ, ಕಣ್ಣಿನ ಸ್ಥಿತಿಯೂ ತಿಳಿಯುತ್ತದೆ, ಅತ್ತೆಗೂ ಧೈರ್ಯ ಬರುತ್ತದೆ.

ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಕುಡಿಕೆ ತನ್ನಿ, ದೊಡ್ಡದರೊಳಗೆ ಚಿಕ್ಕದು. ನಡುವೆ ಮರಳು ತುಂಬಿ ನೀರು ಚಿಮುಕಿಸಿ ಒದ್ದೆಯಾಗಿಡಿ, ಗಾಳಿಯಾಡುವ ನೆರಳಿನಲ್ಲಿರಲಿ. ಬಳಸುತ್ತಿರುವ ಬಾಟಲಿ ಸುಮಾರು ನಾಲ್ಕು ವಾರ ಬರುತ್ತದೆ. ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಹೆಚ್ಚುವರಿ ಬಾಟಲಿಯನ್ನು ಮನೆಯಲ್ಲಿ ಕೂಡಿಡಬೇಡಿ, ಬೇಕಾದಾಗ ಒಂದೊಂದೇ ತನ್ನಿ.

ಉತ್ತರ: ಉಪಕೇಂದ್ರದವಳು

ನಾನು ಪ್ರಶ್ನೆಯಲ್ಲಿರುವ ಸಿಸ್ಟರ್ ಅಲ್ಲ, ಆದರೆ ಅದೇ ಹುದ್ದೆಯಲ್ಲಿ, ಮಾಲೂರು ಕಡೆಯ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿದ್ದೇನೆ. ರಾತ್ರಿ ಹತ್ತಕ್ಕೆ ದಿನದ ಅಂಕಿ ಅಂಶಗಳನ್ನು ಆ್ಯಪಿಗೆ ಏರಿಸಿ ಮುಗಿಸಿ ಇದನ್ನು ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಗೃಹ ಆರೋಗ್ಯ ಯೋಜನೆ ಮೊದಲು ಶುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ, 2024ರ ಅಕ್ಟೋಬರ್‌ನಲ್ಲಿ. ಆಮೇಲೆ ಉಳಿದ ಜಿಲ್ಲೆಗಳಿಗೆ ಹೋಯಿತು. 30 ವರ್ಷ ದಾಟಿದವರನ್ನು ಮನೆಯಲ್ಲೇ ಪರೀಕ್ಷಿಸಿ, ಬಿಪಿ ಮತ್ತು ಸಕ್ಕರೆ ಇರುವವರಿಗೆ ಮಾತ್ರೆ ತಲುಪಿಸುವುದು ಅದರ ತಿರುಳು. ಹೊಸದಾಗಿ ಪತ್ತೆಯಾದವರನ್ನು ಡಾಕ್ಟರು ನೋಡಿ ಔಷಧ ನಿರ್ಧರಿಸುತ್ತಾರೆ, ಅಥವಾ ಇ-ಸಂಜೀವಿನಿಯಲ್ಲಿ ವಿಡಿಯೊ ಮೂಲಕ ಮಾತನಾಡಿಸುತ್ತೇವೆ. ಅವರು ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುವುದು, ತಿನ್ನುತ್ತಿದ್ದಾರೆಯೇ ಎಂದು ನೋಡುವುದು ನಮ್ಮದು. ನಾನೇ ಹೊಸ ಮಾತ್ರೆ ಶುರು ಮಾಡುವುದಿಲ್ಲ, ಇರುವುದನ್ನು ನಿಲ್ಲಿಸುವುದೂ ಇಲ್ಲ. ಬಿಪಿ 180/110 ದಾಟಿದ್ದರೆ, ಎದೆನೋವು, ಒಂದು ಪಕ್ಕ ಬಲ ಹೋಗುವುದು, ಕಾಲಿನ ಹುಣ್ಣು, ಏದುಸಿರು, ಮುಖ ಊದಿಕೊಳ್ಳುವುದು ಕಂಡರೆ ನನ್ನ ಬಳಿ ಕೂರಿಸಿಕೊಳ್ಳುವುದಿಲ್ಲ, ಮೇಲಕ್ಕೆ ಕಳಿಸುತ್ತೇನೆ. ನಿಮ್ಮ ಭಾವನಿಗೆ ಬೇಕಾದ ಗೆರೆ ಇದೇ.

ಕಷ್ಟ ಇರುವುದು "ತಿನ್ನುತ್ತಿದ್ದಾರೆಯೇ" ಎಂಬುದರಲ್ಲಿ. "ಮಾತ್ರೆ ತಿಂದಿರಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ನಾನು ಕೇಳುವುದು ಮಾತ್ರೆಯ ಖಾಲಿ ಪಟ್ಟಿ (ಸ್ಟ್ರಿಪ್). ಒಬ್ಬ ಅಜ್ಜಿ ಪ್ರತಿ ತಿಂಗಳು ಖಾಲಿ ಪಟ್ಟಿಯನ್ನು ಚೊಕ್ಕವಾಗಿ ತಂದುಕೊಡುತ್ತಿದ್ದರು, ಬಿಪಿ ಮಾತ್ರ 170ರಿಂದ ಇಳಿಯದು. ಒಂದು ದಿನ ಮನೆಗೆ ಹೋದಾಗ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಒಂದು ಹಾರ್ಲಿಕ್ಸ್ ಡಬ್ಬಿ, ತುಂಬ ಬಿಳಿ ಮಾತ್ರೆ. ಬಿಡಿಸಿ ಬಿಡಿಸಿ ಕೂಡಿಟ್ಟಿದ್ದಾರೆ. ಕಾರಣ ಕೇಳಿದರೆ, ಅದನ್ನು ತಿಂದಾಗ ಕಾಲು ಊದುತ್ತದೆ, ಆದರೆ ಬೇಡ ಎಂದರೆ "ನೀನು ಬೇಜಾರು ಮಾಡಿಕೊಳ್ಳುತ್ತೀಯ" ಎಂದರು. ಅದು ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುವುದು ಗೊತ್ತಿರುವ ವಿಷಯ. ಡಾಕ್ಟರಿಗೆ ಹೇಳಿ ಬೇರೆ ಮಾತ್ರೆ ಬರೆಸಿದೆ. ಎರಡು ತಿಂಗಳಿಗೆ 138ಕ್ಕೆ ಬಂತು. ಈಗ ಪಟ್ಟಿಯ ಜೊತೆ ಹಾರ್ಲಿಕ್ಸ್ ಡಬ್ಬಿಯನ್ನೂ ತೋರಿಸುತ್ತಾರೆ, ಅದರಲ್ಲಿ ಈಗ ಮೆಂತ್ಯವಿದೆ.

ಬಿಪಿ ಬಗ್ಗೆ ಒಂದು ಮಾತು. ಹುಲ್ಲಿನ ಹೊರೆ ಇಳಿಸಿದ ಕೂಡಲೇ ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಯಾರಿಗಾದರೂ 160 ಬರಬಹುದು. ಐದು ನಿಮಿಷ ಬೆನ್ನು ಒರಗಿ ಕೂತಿರಬೇಕು, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ, ಬಾಯಿ ಮುಚ್ಚಿರಬೇಕು. ಕೊನೆಯದು ನಮ್ಮೂರಿನಲ್ಲಿ ಅತಿ ಕಷ್ಟ.

ಬಂಗಾರಪೇಟೆಯವರ ಅನುಮಾನಕ್ಕೆ: 2018ರಲ್ಲಿ ಕೊಕ್ರೇನ್ ಸಂಸ್ಥೆ ನರ್ಸುಗಳ ಆರೈಕೆಯನ್ನು ಡಾಕ್ಟರದ್ದಕ್ಕೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತ್ತು. ತರಬೇತಿ ಪಡೆದ ನರ್ಸುಗಳು ಪ್ರಾಥಮಿಕ ಹಂತದಲ್ಲಿ ನೋಡಿಕೊಂಡವರ ಆರೋಗ್ಯ ಡಾಕ್ಟರು ನೋಡಿಕೊಂಡವರಿಗಿಂತ ಕೆಟ್ಟದಾಗಿರಲಿಲ್ಲ, ಬಿಪಿ ತುಸು ಚೆನ್ನಾಗಿಯೇ ಇತ್ತು. ಅವರ ಒಂದೊಂದು ಭೇಟಿಯೂ ಡಾಕ್ಟರದ್ದಕ್ಕಿಂತ ದೀರ್ಘವಾಗಿತ್ತು ಎಂಬುದೂ ಅದರಲ್ಲಿದೆ. ಅವು ಹೆಚ್ಚಾಗಿ ಶ್ರೀಮಂತ ದೇಶಗಳ ಮಾತು. ನಮ್ಮಲ್ಲಿ ಬಯಲುಸೀಮೆಯ ಒಂದು ಉಪಕೇಂದ್ರಕ್ಕೆ ಸುಮಾರು 5,000 ಜನ. ಲಸಿಕೆಯ ದಿನ, ಗರ್ಭಿಣಿಯರ ತಪಾಸಣೆಯ ದಿನ, ಸಭೆಯ ದಿನ ಕಳೆದು ಉಳಿದದ್ದರಲ್ಲಿ ಇದನ್ನೆಲ್ಲ ಮಾಡಬೇಕು. ನಾನು ಎಲ್ಲರ ಜಗಲಿಯಲ್ಲೂ ಅರ್ಧ ಗಂಟೆ ಕೂರುತ್ತೇನೆ ಎಂದರೆ ಸುಳ್ಳಾಗುತ್ತದೆ. ನಿಮ್ಮ ಅಮ್ಮನಿಗೆ ಅಂಥ ಒಂದು ಅರ್ಧ ಗಂಟೆ ಸಿಕ್ಕಿದೆ.

ಪ್ರಶ್ನೆ ಕೇಳಿದವರು: ಮಾವಿನತೋಪಿನ ಮಗ (ಐದು ವಾರಗಳ ನಂತರ)

ಎಲ್ಲರಿಗೂ ಧನ್ಯವಾದ. ಭಾವನಿಗೆ ಓದಿ ಹೇಳಿದೆ. 180/110ರ ಗೆರೆ ಅವರಿಗೆ ಹಿಡಿಸಿತು. ಈಗ ತಮ್ಮ ಬಿಪಿಯನ್ನೂ ಅಲ್ಲೇ ನೋಡಿಸಿಕೊಂಡು ಬಂದಿದ್ದಾರೆ. ಎಷ್ಟಿತ್ತು ಎಂದು ಮಾತ್ರ ಹೇಳುತ್ತಿಲ್ಲ.

ಅಮ್ಮನನ್ನು ಬೆಂಗಳೂರಿಗೆ ಕರೆತರಲು ಒಂದು ಒಪ್ಪಂದವಾಯಿತು. ಇನ್ನು ಮೂರು ತಿಂಗಳಿಗಲ್ಲ, ಆರು ತಿಂಗಳಿಗೊಮ್ಮೆ. ನಡುವೆ ಊರಿನ ಸಿಸ್ಟರ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಈ ಸಲ ನೋಟ್‌ಬುಕ್ ತೆಗೆದುಕೊಂಡು ಹೋದೆವು. ಡಾಕ್ಟರು ಸುತ್ತು ಹಾಕಿದ ಆ ಎರಡು ಅಂಕಿಗಳ ಹತ್ತಿರ ನಿಂತರು, ಅಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು, 16 ಯೂನಿಟ್ಟೇ ಇರಲಿ ಎಂದು ಅದೇ ಪುಟದ ಕೆಳಗೆ ಬರೆದು ಸಹಿ ಹಾಕಿದರು. ಕಣ್ಣಿನ ಪರೀಕ್ಷೆಯೂ ಆಯಿತು. ಹಿಂಪರದೆಯಲ್ಲಿ ಸಣ್ಣ ಚುಕ್ಕೆಗಳಿವೆ, ಚಿಕಿತ್ಸೆ ಈಗಲೇ ಬೇಡ, ವರ್ಷಕ್ಕೊಮ್ಮೆ ತೋರಿಸಬೇಕು ಎಂದಿದ್ದಾರೆ. ಎಚ್‌ಬಿಎ1ಸಿ ಮುಂದಿನ ತಿಂಗಳು.

ಸಿರಿಂಜ್ ನೋಡಿದೆ, ಕೆಂಪು ಮುಚ್ಚಳ, 40ರ ಬಾಟಲಿ, ಸರಿಯಾಗಿದೆ. ಆದರೆ ಹೆಚ್ಚುವರಿ ಬಾಟಲಿ ಇದ್ದದ್ದು ಫ್ರೀಜರಿನಲ್ಲಿ, ಕಲ್ಲಿನಂತಾಗಿತ್ತು. ಸಿಸ್ಟರಿಗೆ ಫೋನ್ ಮಾಡಿದರೆ ಎಸೆಯಿರಿ, ಕರಗಿಸಿ ಬಳಸಬೇಡಿ ಎಂದರು. ಹೊಸದನ್ನು ತಂದು ಫ್ರಿಜ್ಜಿನ ಬಾಗಿಲಿನಲ್ಲಿಟ್ಟಿದ್ದೇನೆ, ಈ ವರ್ಷದ ಮಾವಿನ ಮಿಡಿ ಉಪ್ಪಿನಕಾಯಿಯ ಪಕ್ಕ. ಉಪ್ಪಿನಕಾಯಿಯ ವಿಷಯ ಸಿಸ್ಟರಿಗೆ ಹೇಳಬೇಡ ಎಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಇಲ್ಲಿ ಬರೆಯಬೇಡ ಎಂದು ಹೇಳಿಲ್ಲ.